ಬರೀ ಮಾತಿಗೆ 15 ಸಾವಿರ?

ಹೆದ್ದಾರಿಗೆ ಹೋದ ಹೊಲದ ಪರಿಹಾರ ಖಾತೆಗೆ ಬಿದ್ದರೆ ಊರಿಗೆಲ್ಲ ಗೊತ್ತಾಗಲು ಎರಡು ದಿನ ಸಾಕು. ಹಾವೇರಿ ಜಿಲ್ಲೆಯ ನಮ್ಮೂರಲ್ಲಿ ನಮ್ಮ ಮನೆಗೆ ಬಂದದ್ದು 31 ಲಕ್ಷ. ಪಹಣಿಯಲ್ಲಿ ಅವ್ವನ ಹೆಸರಿತ್ತು, ಹಣ ಬಂದದ್ದೂ ಅವ್ವನ ಖಾತೆಗೆ. ಮೂರನೇ ದಿನ ಬ್ಯಾಂಕಿನಿಂದ ಫೋನು ಬಂತು. ನಾಲ್ಕನೇ ದಿನ ವಿಮೆ ಏಜೆಂಟರಾದ ಸೋದರಮಾವ ಮನೆಗೇ ಬಂದರು. ವಾರ ಕಳೆಯುವಷ್ಟರಲ್ಲಿ ಹುಬ್ಬಳ್ಳಿಯ ಸೈಟು, ಹೊಸ ಟ್ರ್ಯಾಕ್ಟರು, ಕೈಗಡ, ಎಲ್ಲದರ ಮಾತೂ ಬಂತು. ಸಲಹೆಗೆ ಬರವಿರಲಿಲ್ಲ, ಎಲ್ಲವೂ ಪುಕ್ಕಟೆ.

ಬ್ಯಾಂಕಿನವರು ಹೇಳಿದ್ದು ವರ್ಷಕ್ಕೆ 3 ಲಕ್ಷದಂತೆ 10 ವರ್ಷ ಕಟ್ಟುವ ಪಾಲಿಸಿ. ಅಂದರೆ 30 ಲಕ್ಷ. ಹೋದ ಹೊಲದ ಬದಲಿಗೆ ಹೊಲ ಕೊಳ್ಳಬೇಕೆಂದರೆ, ಅವ್ವನ ಮೊಣಕಾಲಿಗೆ ಆಪರೇಷನ್ ಮಾಡಿಸಬೇಕೆಂದರೆ ಉಳಿಯುವುದು 1 ಲಕ್ಷ.

ಆಗ ಕಿವಿಗೆ ಬಿದ್ದದ್ದು ಬೆಂಗಳೂರಿನ ಒಬ್ಬ ಹಣಕಾಸು ಸಲಹೆಗಾರರ ವಿಷಯ. ಅವರು ಏನನ್ನೂ ಮಾರುವುದಿಲ್ಲ. ಮನೆಯ ಲೆಕ್ಕವೆಲ್ಲ ನೋಡಿ ಯೋಜನೆ ಬರೆದುಕೊಡಲು ಒಂದೇ ಸಲ 15,000 ರೂಪಾಯಿ. 31 ಲಕ್ಷವಿರಲಿ, ಮೂರು ಲಕ್ಷವಿರಲಿ, ಶುಲ್ಕ ಅಷ್ಟೇ.

"ಬರೇ ಮಾತಾಡಾಕ 15 ಸಾವ್ರ?" ಅಂದಳು ಅವ್ವ. ಅವಳ ಲೆಕ್ಕದಲ್ಲಿ ಅದು ಆರೇಳು ಕ್ವಿಂಟಲ್ ಗೋವಿನಜೋಳದ ದುಡ್ಡು. (ಜಿಲ್ಲಾ ಸುದ್ದಿ ಬರೆಯುವ ನಮಗೆ ಅದು ಎಷ್ಟು ತಿಂಗಳ ಗಳಿಕೆ ಎಂಬುದನ್ನು ಇಲ್ಲಿ ಹೇಳುವುದು ಬೇಡ.)

ಅವ್ವನಿಗೆ ಉತ್ತರ ಕೊಡಬೇಕೆಂದರೆ ಪುಕ್ಕಟೆ ಸಲಹೆಗೆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಮೊದಲು ನೋಡಬೇಕಿತ್ತು. ದೀರ್ಘಾವಧಿ ಪಾಲಿಸಿಗಳಲ್ಲಿ ಮೊದಲ ವರ್ಷದ ಕಂತಿನ ಮೇಲಿನ ಕಮಿಷನ್ ಮುಂದಿನ ವರ್ಷಗಳಿಗಿಂತ ಬಹಳ ಹೆಚ್ಚು. ಮ್ಯೂಚುವಲ್ ಫಂಡಿನಲ್ಲಿ 2013ರಿಂದ ಎರಡು ದಾರಿಗಳಿವೆ: ನೇರವಾಗಿ ಕೊಳ್ಳುವ ಡೈರೆಕ್ಟ್ ಪ್ಲಾನ್, ಏಜೆಂಟರ ಮೂಲಕ ಕೊಳ್ಳುವ ರೆಗ್ಯುಲರ್ ಪ್ಲಾನ್. ಫಂಡು ಒಂದೇ, ಖರ್ಚು ಬೇರೆ. ವ್ಯತ್ಯಾಸ ವರ್ಷಕ್ಕೆ ಶೇ 1 ಇದ್ದರೆ 15 ಲಕ್ಷಕ್ಕೆ 15,000. ಅವ್ವ ಒಂದು ಸಲ ಕೊಡಲು ಹಿಂದೆಮುಂದೆ ನೋಡುತ್ತಿರುವ ದುಡ್ಡು ಅಲ್ಲಿ ಪ್ರತಿವರ್ಷ ಹೋಗುತ್ತದೆ. ಆದರೆ ಅದಕ್ಕೆ ಬಿಲ್ಲಿಲ್ಲ, ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ.

ಹಾಗಂತ ಎಲ್ಲದಕ್ಕೂ ಸಲಹೆಗಾರರು ಬೇಕಿಲ್ಲ. ಕೆಲವನ್ನು ನಾವೇ ಕಟ್ಟೆ ಮೇಲೆ ಕೂತು ತೀರ್ಮಾನಿಸಿದೆವು. ನೂರಕ್ಕೆ ಎರಡು ರೂಪಾಯಿ ಬಡ್ಡಿಯ ಕೈಸಾಲವೆಂದರೆ ವರ್ಷಕ್ಕೆ ಶೇ 24. ಯಾವ ಠೇವಣಿಯೂ ಅಷ್ಟು ಕೊಡುವುದಿಲ್ಲ, ಅದನ್ನು ಮೊದಲು ತೀರಿಸಿದೆವು. ಸೊಸೈಟಿಯ ಬೆಳೆಸಾಲಕ್ಕೆ ಬಡ್ಡಿಯೇ ಇಲ್ಲ, ಅದನ್ನು ಅವಧಿಗೆ ಸರಿಯಾಗಿ ಕಟ್ಟಿದರಾಯಿತು. ಬ್ಯಾಂಕು ಮುಳುಗಿದರೆ ಒಂದು ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ ವಿಮೆಯ ರಕ್ಷಣೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಇಡುವುದು ಬೇಡ ಎಂದುಕೊಂಡೆವು. ಇಷ್ಟಕ್ಕೆ 15,000 ಯಾಕೆ ಎಂದು ತಮ್ಮ ಕೇಳಿದ. ನ್ಯಾಯವಾದ ಪ್ರಶ್ನೆಯೇ.

ಮನಸ್ಸು ತಿರುಗಿದ್ದು ಆ ಸಲಹೆಗಾರರ ಜೊತೆ ಮಾತಾಡಿದ ಇಪ್ಪತ್ತು ನಿಮಿಷದಲ್ಲಿ. ಆ ಕರೆಗೆ ಶುಲ್ಕವಿರಲಿಲ್ಲ. ಅವರ ಮೊದಲ ಪ್ರಶ್ನೆ, "ಈ ಹಣ ಯಾರದ್ದು?"

ಬ್ಯಾಂಕಿನವರು ಕೇಳಿರಲಿಲ್ಲ, ಮಾವನೂ ಕೇಳಿರಲಿಲ್ಲ. ಸ್ಪೀಕರ್ ಹಾಕಿದ್ದೆವು, ಅವ್ವನಿಗೂ ಕೇಳಿಸಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ರಾಣೆಬೆನ್ನೂರಾಗ ಮಗಳೂ ಅದಾಳ್ರಿ" ಅಂದಳು.

ಅಕ್ಕನ ಪಾಲಿನ ಮಾತನ್ನು ಹಬ್ಬ ಮುಗಿದ ಮೇಲೆ ಎತ್ತುವುದೆಂದು ಇತ್ತು. ಹೊಲ ಪಿತ್ರಾರ್ಜಿತ. 2005ರ ತಿದ್ದುಪಡಿ ಬಂದ ಮೇಲೆ ಮಗಳಿಗೂ ಮಗನಷ್ಟೇ ಹಕ್ಕು. ತಂದೆ ಅದಕ್ಕಿಂತ ಮೊದಲೇ ತೀರಿಕೊಂಡಿದ್ದರೂ ಆ ಹಕ್ಕು ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಪಾಲಿನ ವಿಷಯ ವಕೀಲರ ಕೆಲಸ, ತಮ್ಮದಲ್ಲ ಎಂದರು ಸಲಹೆಗಾರರು. ಆದರೆ ಯಾರ ಹಣ ಎಷ್ಟು, ಯಾರಿಗೆ ಯಾವಾಗ ಬೇಕು ಎಂದು ತೀರ್ಮಾನವಾಗದೆ ಯೋಜನೆ ಬರೆಯುವುದಿಲ್ಲ, ಅಲ್ಲಿಯವರೆಗೆ ಶುಲ್ಕ ಕಳಿಸಬೇಡಿ ಅಂದರು. ದುಡ್ಡು ಬೇಡ ಅನ್ನುವವರನ್ನು ಆ ತಿಂಗಳಲ್ಲಿ ನಾವು ನೋಡಿದ್ದು ಅದೇ ಮೊದಲು.

ನಂಬಿಕೆ ಬಂತೆಂದು ಪರೀಕ್ಷೆ ಬಿಡಲಿಲ್ಲ, ನೀವೂ ಬಿಡಬೇಡಿ. ಸೆಬಿಯ ವೆಬ್‌ಸೈಟಿನಲ್ಲಿ ನೋಂದಾಯಿತ ಹೂಡಿಕೆ ಸಲಹೆಗಾರರ ಪಟ್ಟಿಯಿದೆ. ಅವರ ಸಂಖ್ಯೆ ಐಎನ್‌ಎ ಎಂಬ ಅಕ್ಷರಗಳಿಂದ ಶುರುವಾಗುತ್ತದೆ. ಎಆರ್‌ಎನ್ ಎಂದು ಶುರುವಾದರೆ ಅವರು ಫಂಡು ಮಾರುವ ವಿತರಕರು. ಕಳ್ಳರೇನಲ್ಲ, ಕೆಲಸವೇ ಬೇರೆ. ನೋಂದಾಯಿತರು ಒಪ್ಪಂದಪತ್ರ ಮಾಡಿಕೊಳ್ಳಲೇಬೇಕು. ಶುಲ್ಕವನ್ನು ನಗದಾಗಿ ಪಡೆಯುವಂತಿಲ್ಲ. ನಿಗದಿತ ಶುಲ್ಕವಾದರೆ ಒಂದು ಕುಟುಂಬಕ್ಕೆ ವರ್ಷಕ್ಕೆ 1,51,000 ರೂಪಾಯಿ ದಾಟುವಂತಿಲ್ಲ. ಹಣದ ಮೇಲೆ ಶೇಕಡಾವಾರು ಶುಲ್ಕದ ಇನ್ನೊಂದು ಪದ್ಧತಿಗೆ ಮಿತಿ ಶೇ 2.5. ನಮ್ಮ 31 ಲಕ್ಷಕ್ಕೆ ಅದು 77,500ರವರೆಗೆ ಹೋಗಬಹುದು! ಹೂಡಿಕೆಯ ಹಣ ಸಲಹೆಗಾರರ ಖಾತೆಗೆ ಹೋಗುವ ಪ್ರಶ್ನೆಯೇ ಇಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಖಚಿತ ಲಾಭ ಎನ್ನುವವರನ್ನು ಇವರ ಸಾಲಿಗೆ ಸೇರಿಸಬೇಡಿ.

ಕಷ್ಟವಾದದ್ದು ಮಾವನ ವಿಷಯ. ಅಪ್ಪನಿಗೆ ಎದೆನೋವು ಬಂದ ರಾತ್ರಿ ಗಾಡಿ ತಂದು ದಾವಣಗೆರೆಗೆ ಕರೆದೊಯ್ದವರು ಅವರೇ. ಅಪ್ಪ ಹೋದ ಮೇಲೆ ವಿಮೆ ಹಣಕ್ಕೆ ಕಾಗದ ಓಡಾಡಿಸಿದವರೂ ಅವರೇ. ಬೆಂಗಳೂರಿನ ಸಲಹೆಗಾರರು ರಾತ್ರಿ ಗಾಡಿ ತರುವುದಿಲ್ಲ. ಇದು ಯಾವ ಶೇಕಡಾ ಲೆಕ್ಕಕ್ಕೂ ಸಿಗುವುದಿಲ್ಲ, ನಾವು ಸಿಗಿಸಲೂ ಹೋಗಲಿಲ್ಲ. ಹಳೆಯ ಪಾಲಿಸಿಗಳು ಮಾವನ ಬಳಿಯೇ ನಡೆಯುತ್ತವೆ, ಹೊಸದು ಸದ್ಯಕ್ಕಿಲ್ಲ ಎಂದು ಅವ್ವನೇ ಅವರಿಗೆ ಹೇಳಿದಳು. ಮಾವ ಚಹಾ ಪೂರ್ತಿ ಕುಡಿಯದೆ ಎದ್ದರು. ಮರುವಾರ ಸಂತೆಯಲ್ಲಿ ಸಿಕ್ಕಾಗ ಮಾತಾಡಿಸಿದರು, ಅಷ್ಟೇ.

ಈಗ ತೀರ್ಮಾನ ಹೀಗಿದೆ. ವಕೀಲರ ಮುಂದೆ ಪಾಲು ಬರೆಸಿದ ಮೇಲೆ ಶುಲ್ಕ ಕಳಿಸುವುದು. ಅವ್ವ, ಅಕ್ಕ, ತಮ್ಮ, ನಾವು, ನಾಲ್ಕೂ ಜನ ಇದ್ದರೆ ಮಾತ್ರ ಸಲಹೆಗಾರರ ಜೊತೆ ಮಾತು. ವರ್ಷವರ್ಷದ ಮರುಪರಿಶೀಲನೆಗೆ ಬೇರೆ ಶುಲ್ಕವಿದೆ, ಅದಕ್ಕೆ ಈಗಲೇ ಒಪ್ಪಿಲ್ಲ. ಅಲ್ಲಿಯವರೆಗೆ ಹಣ ಮೂರು ಬ್ಯಾಂಕುಗಳಲ್ಲಿ ಸಣ್ಣ ಅವಧಿಯ ಠೇವಣಿಯಾಗಿ ಮಲಗಿದೆ.

15,000ವನ್ನು ನಾಲ್ಕು ಪಾಲು ಮಾಡಿ, ತನ್ನ ಪಾಲನ್ನು ತಾನೇ ಕೊಡುತ್ತೇನೆ ಅಂದಿದ್ದಾಳೆ ಅಕ್ಕ. ತಲೆಗೆ 3,750.