ಪಾಲಾಗದ ಗಾಡಿ

2014ನೆಯ ಇಸವಿಯಲ್ಲಿ ನಮ್ಮ ಮನೆತನದ ಆಸ್ತಿಯು ನಾಲ್ಕು ಪಾಲಾಯಿತು. ಅಡಿಕೆಯ ತೋಟ ಪಾಲಾಯಿತು. ಗೇರುಮರಗಳ ಗುಡ್ಡೆ ಪಾಲಾಯಿತು. ತೋಟಕ್ಕೆ ನೀರುಣಿಸುವ ಸುರಂಗದ ನೀರು ಕೂಡ ಗಂಟೆಯ ಲೆಕ್ಕದಲ್ಲಿ ಪಾಲಾಯಿತು. ಅಟ್ಟದ ಮೇಲಿನ ಕಂಚಿನ ಪಾತ್ರೆಗಳನ್ನು ಅಂಗಳದಲ್ಲಿ ಸಾಲಾಗಿ ಇರಿಸಿ ಹಂಚಿಕೊಂಡ ದಿನ ಹೆಂಗಸರು ಕಣ್ಣೊರಸಿಕೊಂಡರು. ಎಲ್ಲವೂ ಮುಗಿದ ಮೇಲೆ ಹಟ್ಟಿಯ ಪಕ್ಕದ ಮಾಡಿನಡಿಯಲ್ಲಿ ಒಂದು ವಸ್ತು ಮಾತ್ರ ಉಳಿಯಿತು. ಅದು ದೊಡ್ಡಪ್ಪನವರು 1996ರಲ್ಲಿ ಕೊಂಡಿದ್ದ ಮಹೀಂದ್ರಾ ಆರ್ಮಡಾ ಗಾಡಿ. ಚಕ್ರಗಳು ನಾಲ್ಕಿದ್ದುವಾದರೂ ಮನೆಗೊಂದರಂತೆ ಕೊಟ್ಟು ಪ್ರಯೋಜನವಿರಲಿಲ್ಲ. “ಅದು ಹಾಗೆಯೇ ಇರಲಿ,” ಎಂದರು ದೊಡ್ಡಪ್ಪ. ಪಾಲುಪಟ್ಟಿಯನ್ನು ಬರೆಯುತ್ತಿದ್ದವನು ತಲೆಯೆತ್ತಿ ನೋಡಿ, ಮತ್ತೆ ತಲೆ ತಗ್ಗಿಸಿದನು.

ಇಲ್ಲಿ ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಲೇಸು. ಈ ಬರಹದಲ್ಲಿ ‘ನಾವು’ ಎಂದರೆ ಕೆಲವೆಡೆ ನಾಲ್ಕೂ ಮನೆಯವರು. ಕೆಲವೆಡೆ ಮುಳ್ಳೇರಿಯದ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ ಚಿಕ್ಕ ತರಗತಿಗಳಿಗೆ ಪಾಠ ಹೇಳುವ, ಟಿ.ಟಿ.ಸಿ. ಪಾಸಾದ ಈ ಲೇಖಕನೊಬ್ಬನೇ. ಎಲ್ಲಿ ತಪ್ಪು ಕಾಣಿಸುವುದೋ ಅಲ್ಲಿ ಒಬ್ಬನೇ ಎಂದು ಓದುಗರು ತಿಳಿಯಬೇಕು.

ಗಾಡಿಯ ಕೀಲಿಕೈ ದೊಡ್ಡಪ್ಪನ ಚಾವಡಿಯ ಮೊಳೆಯಲ್ಲಿ ತೂಗುತ್ತಿತ್ತು. ಅದರ ಕೆಳಗೆ ಬಿಸ್ಕತ್ತಿನ ಹಳೆಯ ಡಬ್ಬಿ. ಗಾಡಿಯನ್ನು ಕೊಂಡೊಯ್ದವರು ಡೀಸೆಲ್ ಹಾಕಿಸಿ ತರುವುದು, ಜತೆಗೆ ಡಬ್ಬಿಗೆ ತೋಚಿದಷ್ಟು ಹಾಕುವುದು, ರಿಪೇರಿಗೆ ಅದರಿಂದ ತೆಗೆಯುವುದು—ಇದು ಬರೆಯದ ಕರಾರು. ಮದುವೆ, ಜಾತ್ರೆ, ಮಂಗಳೂರಿನ ಆಸ್ಪತ್ರೆ, ಎಲ್ಲಕ್ಕೂ ಅದೇ ಗಾಡಿ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿ ಮಂಗಳೂರಿನ ದಾರಿ ನಿಂತುಹೋದಾಗ, ಉಸಿರಾಟ ಕಷ್ಟವಾಗಿದ್ದ ಚಿಕ್ಕಮ್ಮನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ತೆಂಕಲಾಗಿ ಪರಿಯಾರದವರೆಗೆ ಹೋದುದೂ ಅದರಲ್ಲಿಯೇ. ಆ ರಾತ್ರಿ ಗಾಡಿಯ ಸದ್ದೊಂದನ್ನು ಬಿಟ್ಟರೆ ಹೆದ್ದಾರಿಯಲ್ಲಿ ಬೇರೆ ಸದ್ದಿರಲಿಲ್ಲ.

ಆ ಸದ್ದಿನ ವಿಷಯ ಸ್ವಲ್ಪ ಹೇಳಬೇಕು. 1979ರಲ್ಲಿ ಮಹೀಂದ್ರಾ ಸಂಸ್ಥೆಯವರು ಫ್ರಾನ್ಸ್ ದೇಶದ ಪ್ಯೂಜೋ ಸಂಸ್ಥೆಯಿಂದ ಅನುಮತಿಯನ್ನು ಪಡೆದು ಎಕ್ಸ್.ಡಿ.ಪಿ. 4.90 ಎಂಬ ಡೀಸೆಲ್ ಎಂಜಿನನ್ನು ಇಲ್ಲಿ ತಯಾರಿಸಲು ತೊಡಗಿದರು. ಅದುವರೆಗೆ ಪೆಟ್ರೋಲನ್ನು ನೀರಿನಂತೆ ಕುಡಿಯುತ್ತಿದ್ದ ಜೀಪುಗಳ ಒಡೆಯರಿಗೆ ಅದೊಂದು ವರವಾಯಿತು. ನಮ್ಮ ಗಾಡಿಯಲ್ಲಿದ್ದುದು ಅದೇ ಎಂಜಿನು. ಅದರ ಸ್ವಭಾವ ನಯವಾದುದು. ಡೀಸೆಲನ್ನು ನೇರವಾಗಿ ಸಿಲಿಂಡರಿಗೆ ಎರಚದೆ, ಮೇಲಿರುವ ಒಂದು ಪುಟ್ಟ ಕೋಣೆಯಲ್ಲಿ ಮೊದಲು ಹೊತ್ತಿಸಿ, ಆ ಉರಿಯನ್ನು ಪಿಸ್ಟನಿನ ಮೇಲೆ ಬಿಡುವ ಏರ್ಪಾಡು ಅದರದು. ಇದರಿಂದ ಬಡಿತ ಕಡಿಮೆ. ಆದರೆ ಪುಟ್ಟ ಕೋಣೆಯ ಗೋಡೆಗಳು ಬಿಸಿಯನ್ನು ಹೀರುವುದರಿಂದ ಡೀಸೆಲಿನ ಖರ್ಚು ತುಸು ಹೆಚ್ಚು; ಚಳಿಯ ಬೆಳಗ್ಗೆ ಹೀಟರ್ ಪ್ಲಗ್ಗು ಕೆಂಪಗಾಗುವವರೆಗೆ ಕಾದೇ ಸ್ಟಾರ್ಟ್ ಮಾಡಬೇಕು. ದೊಡ್ಡಪ್ಪ ಕೀಲಿಯನ್ನು ಅರ್ಧ ತಿರುಗಿಸಿ ಇಪ್ಪತ್ತರವರೆಗೆ ಎಣಿಸುತ್ತಿದ್ದರು. ಹಿಂದೆ ಕುಳಿತ ಮಕ್ಕಳೂ ಒಟ್ಟಿಗೆ ಕೂಗುತ್ತಿದ್ದರು. ನಮ್ಮ ಮನೆಗಳ ಮಕ್ಕಳೆಲ್ಲ ಇಪ್ಪತ್ತರವರೆಗಿನ ಎಣಿಕೆಯನ್ನು ಕಲಿತುದು ಶಾಲೆಯಲ್ಲಲ್ಲ, ಆ ಗಾಡಿಯಲ್ಲಿ.

2023ರ ತುಲಾ ಸಂಕ್ರಮಣಕ್ಕೆ ತಲಕಾವೇರಿಯ ತೀರ್ಥೋದ್ಭವವನ್ನು ನೋಡಬೇಕೆಂದು ಹಿರಿಯರು ಬಯಸಿದರು. ಜಾಲಸೂರು, ಸುಳ್ಯದ ಮಾರ್ಗವಾಗಿ ಹನ್ನೊಂದು ಮಂದಿ ಹೊರಟೆವು. ಚಕ್ರ ಹಿಡಿದಿದ್ದವರು ನಾವು. ಸಂಪಾಜೆಯ ಘಾಟಿಯನ್ನು ಅರ್ಧ ಏರಿದ್ದೆವೋ ಇಲ್ಲವೋ, ಎಂಜಿನಿನ ಸದ್ದು ಒರಟಾಯಿತು. ಬಾನೆಟ್ಟಿನ ಸಂದಿನಿಂದ ಆವಿ ಎದ್ದಿತು. ಕೆಳಗಿನ ಹೋಸ್ ಪೈಪು ಬಿರಿದು ರೇಡಿಯೇಟರಿನ ನೀರೆಲ್ಲ ದಾರಿಯಲ್ಲಿಯೇ ಸೋರಿಹೋಗಿತ್ತು. ಮರುದಿನ ಲಾರಿಯೇರಿಸಿ ಊರಿಗೆ ತಂದಾಗ ಗ್ಯಾರೇಜಿನ ಮೇಸ್ತ್ರಿ ಎಣ್ಣೆಯ ಕಡ್ಡಿಯನ್ನು ಹೊರಗೆಳೆದು ನಮ್ಮ ಮುಂದೆ ಹಿಡಿದನು. ಎಣ್ಣೆಯು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. “ನೀರು ಒಳಗೆ ಹೋಗಿದೆ ಮಾಷೇ. ಹೆಡ್ಡು ಬಾಗಿದೆ, ಬ್ಲಾಕಿನಲ್ಲಿಯೂ ಬಿರುಕುಂಟು,” ಎಂದನು.

ನೀರಿನ ಬಿಸಿಯನ್ನು ತೋರಿಸುವ ಸೂಜಿಯು ಎರಡು ವರ್ಷಗಳಿಂದ ಬಿದ್ದುಕೊಂಡೇ ಇದ್ದಿತು. ಅದು ನಮಗೆ ತಿಳಿದಿದ್ದಿತು. ಸರಿಪಡಿಸಲು ಐನೂರು ರೂಪಾಯಿ ಕೂಡ ಬೇಕಾಗಿರಲಿಲ್ಲ. ನಾವು ಯಾರಿಗೂ ಹೇಳಿರಲಿಲ್ಲ. ಆ ದಿನವೂ ಹೇಳಲಿಲ್ಲ.

ಮುಂದಿನ ಭಾನುವಾರ ಚಾವಡಿಯಲ್ಲಿ ಸಭೆ ಸೇರಿತು. ದುಬಾಯಿಯಲ್ಲಿರುವ ತಮ್ಮನು ದೂರವಾಣಿಯ ತೆರೆಯ ಮೇಲೆ ಪ್ರತ್ಯಕ್ಷನಾದನು. ಹೇಗಿದ್ದರೂ ಬಿಚ್ಚಬೇಕು, ಅಂದ ಮೇಲೆ ಅದೇ ಮುದಿ ಎಂಜಿನು ಏಕೆ, ಟೊಯೋಟಾ ಕ್ವಾಲಿಸ್ ಗಾಡಿಯ ಎಂಜಿನನ್ನು ತಂದು ಕೂರಿಸೋಣ, 2446 ಸಿ.ಸಿ., ನೂರು ವರ್ಷ ಸಾಯುವುದಿಲ್ಲ ಎಂಬುದು ಅವನ ವಾದ. ಚಿಕ್ಕಪ್ಪನವರದು ಬೇರೆ ಪಕ್ಷ. ಮಹೀಂದ್ರಾ ಬೊಲೇರೋದಲ್ಲಿದ್ದ ‘ಡಿ.ಐ.’ ಎಂಜಿನೇ ಆಗಬೇಕು. ಅದರಲ್ಲಿ ಡೀಸೆಲು ನೇರವಾಗಿ ಸಿಲಿಂಡರಿಗೇ ಬೀಳುತ್ತದೆ, ಮೈಲೇಜು ಹೆಚ್ಚು, ಇಪ್ಪತ್ತರವರೆಗೆ ಎಣಿಸುವ ಗೋಜಿಲ್ಲ. ಈ ಕೊನೆಯ ಮಾತಿಗೆ ಮಕ್ಕಳ ಕಡೆಯಿಂದ ವಿರೋಧ ಬಂದಿತು. ದೊಡ್ಡಪ್ಪ ಎಲೆಯಡಿಕೆ ಹಾಕಿಕೊಂಡು ಸುಮ್ಮನೆ ಕುಳಿತಿದ್ದರು.

ಯೋಜನೆಯನ್ನು ಬರೆದಿಡುವ ಹೊಣೆ ನಮ್ಮ ಮೇಲೆ ಬಿದ್ದಿತು, ಮಾಸ್ತರಲ್ಲವೇ! ಶಾಲೆಯ ಪಾಠಯೋಜನೆಯನ್ನು ಬರೆಯುವ ನೋಟುಪುಸ್ತಕದ ಹಿಂದಿನ ಪುಟಗಳಲ್ಲಿಯೇ ಆರಂಭಿಸಿದೆವು. ಹೊಸ ಬಲವಾದ ಎಂಜಿನು ಬಂದರೆ ಹಳೆಯದು ಏಕೆ ಸತ್ತಿತೆಂದು ಯಾರೂ ಕೇಳಲಾರರು ಎಂಬ ಲೆಕ್ಕವೂ ಆ ಉತ್ಸಾಹದಲ್ಲಿ ಸೇರಿತ್ತು. ಅದನ್ನು ಪುಸ್ತಕದಲ್ಲಿ ಬರೆಯಲಿಲ್ಲ.

ಹತ್ತನೆಯ ತರಗತಿಯಲ್ಲಿದ್ದ ಅಣ್ಣನ ಮಗಳು ಲೆಕ್ಕಕ್ಕೆ ನೆರವಾದಳು. 4.90 ಎಂದರೆ ನಾಲ್ಕು ಸಿಲಿಂಡರು, 90 ಮಿಲಿಮೀಟರ್ ವ್ಯಾಸ. ಪಿಸ್ಟನಿನ ಓಡಾಟ 83 ಮಿಲಿಮೀಟರ್. ಮೂರು ಪುಟಗಳ ಗುಣಾಕಾರದ ಬಳಿಕ ಅವಳಿಗೆ 2113 ಘನ ಸೆಂಟಿಮೀಟರ್ ಬಂದಿತು, ಕೈಪಿಡಿಯಲ್ಲಿದ್ದುದು 2112. ಒಂದು ಸಿ.ಸಿ. ಎಲ್ಲಿಂದ ಬಂದಿತೆಂದು ನಾವಿಬ್ಬರೂ ಅರ್ಧ ಗಂಟೆ ಹುಡುಕಿದೆವು. 22/7ರ ಬದಲಿಗೆ 3.1416 ಹಾಕಿದಾಗ ಅದು ಮಾಯವಾಯಿತು. ಇನ್ನು ಡಿ.ಐ. ಎಂಜಿನು: ವ್ಯಾಸ 88.9, ಓಡಾಟ 101.6, ಒಟ್ಟು 2523 ಸಿ.ಸಿ. ಬಾವಿಯ ಅಗಲ ಕಡಿಮೆ, ಆಳ ಹೆಚ್ಚು. ಇಂಚಿನಲ್ಲಿ ನೋಡಿದರೆ ಸರಿಯಾಗಿ ಮೂರೂವರೆ ಮತ್ತು ನಾಲ್ಕು. ಉಳುವ ಟ್ರ್ಯಾಕ್ಟರಿನ ವಂಶದಿಂದ ಬಂದ ಎಂಜಿನು ಅದು. ನಿಧಾನವಾಗಿ ತಿರುಗಿ ಬಲವಾಗಿ ಎಳೆಯುವುದು ಅದರ ಕುಲಧರ್ಮ. ಪ್ಯೂಜೋ ಆದರೋ ಬೇಗ ಬೇಗ ತಿರುಗುವ ಜಾತಿ.

ಇಲ್ಲಿಯೇ ಮೇಸ್ತ್ರಿ ನಮ್ಮ ಕಣ್ತೆರೆಸಿದನು. ಎಂಜಿನನ್ನು ಬದಲಿಸುವುದೆಂದರೆ ಬಲ್ಬು ಬದಲಿಸಿದಂತಲ್ಲ ಎಂದು ಅವನು ಗ್ಯಾರೇಜಿನ ನೆಲದಲ್ಲಿ ಸೀಮೆಸುಣ್ಣದಿಂದ ಚಿತ್ರ ಬರೆದು ತೋರಿಸಿದನು. ಎಂಜಿನು ಕೂರುವ ಕೈಗಳು ಬೇರೆ ಜಾಗದಲ್ಲಿ ಬರುತ್ತವೆ. ಚಾಸಿಯ ಮೇಲೆ ಹೊಸದಾಗಿ ಬೆಸೆಯಬೇಕು. ಗೇರುಪೆಟ್ಟಿಗೆಗೆ ಸೇರುವ ಗಂಟೆಯಾಕಾರದ ಕವಚ ಹೊಂದದಿದ್ದರೆ ಅದನ್ನೂ ಕ್ಲಚ್ಚನ್ನೂ ತರಬೇಕು. ರೇಡಿಯೇಟರಿನ ಕೊಳವೆಗಳ ಬಾಯಿ, ಹೊಗೆಯ ಪೈಪಿನ ತಿರುವು, ಆಕ್ಸಿಲೇಟರಿನ ತಂತಿ ಯಾವುದೂ ಇದ್ದಲ್ಲಿ ಇರುವುದಿಲ್ಲ. ಇವೆಲ್ಲ ಆದ ಮೇಲೆಯೂ, ನಿಧಾನವಾಗಿ ತಿರುಗುವ ಎಂಜಿನಿಗೆ ಹಿಂದಿನ ಆಕ್ಸಲಿನ ಹಳೆಯ ಹಲ್ಲುಗಳನ್ನೇ ಬಿಟ್ಟರೆ ಗಾಡಿ ಸಮಮಾರ್ಗದಲ್ಲಿ ಎತ್ತಿನಂತೆ ನಡೆಯುತ್ತದೆ, ಅದನ್ನೂ ಬದಲಿಸಬೇಕು. “ಎಂಜಿನು ಎಪ್ಪತ್ತೈದು ಸಾವಿರಕ್ಕೆ ಕೊಯಮತ್ತೂರಿನ ಉಕ್ಕಡಂನಲ್ಲಿ ಸಿಕ್ಕೀತು ಮಾಷೇ, ಅದನ್ನು ಒಪ್ಪಿಸಲಿಕ್ಕೆ ಇನ್ನೊಂದು ಎಪ್ಪತ್ತೈದು ಬೇಕು,” ಎಂದನು. ಒಪ್ಪಿಸುವುದು ಯಾರನ್ನು ಎಂದು ಕೇಳಿದೆವು. “ಉಳಿದ ಸಾಮಾನುಗಳನ್ನು,” ಎಂದನು ಅವನು, ನಗದೆ.

ಅನಂತರದ್ದು ಕಾಗದದ ಪ್ರಕರಣ. ಸಾರಿಗೆ ಕಚೇರಿಗೆ ಎರಡು ಶನಿವಾರ ಹೋದೆವು. ಎರಡನೆಯ ಶನಿವಾರ ರಜೆಯೆಂಬುದನ್ನು ಮರೆತುದರಿಂದ ಒಂದು ವ್ಯರ್ಥ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಮ್ಮ ಹಿರಿಯರು ಕಚೇರಿಯ ಮಲೆಯಾಳವನ್ನು ಅರ್ಧ ಓದಿ ಅರ್ಧ ಊಹಿಸಿಯೇ ಬಾಳಿದವರು. ನಾವು ಮುಕ್ಕಾಲು ಓದಬಲ್ಲೆವು. ಉಳಿದ ಕಾಲನ್ನು ಅಲ್ಲಿಯ ಗುಮಾಸ್ತೆಯೊಬ್ಬಾಕೆ ನಿಧಾನವಾಗಿ ಓದಿ ಹೇಳಿದಳು. ವಿಷಯ ಇಷ್ಟು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, 2000ದಲ್ಲಿ ತಿದ್ದುಪಡಿಯಾದ ರೂಪದಲ್ಲಿ, ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕೇರಳದಿಂದಲೇ ಹೋಗಿದ್ದ ಒಂದು ಮೊಕದ್ದಮೆಯಲ್ಲಿ, ಇದನ್ನೇ ಒತ್ತಿ ಹೇಳಿತು. ಬ್ಯಾಟರಿ, ಅನಿಲ ಮುಂತಾದ ಬೇರೆ ಇಂಧನಕ್ಕೆ ಒಪ್ಪಿಗೆ ಪಡೆದ ಸಲಕರಣೆಗಳಿಂದ ಬದಲಿಸಲು ಕಾಯಿದೆಯಲ್ಲಿ ಎಡೆಯುಂಟು. ಕೆಟ್ಟ ಎಂಜಿನಿಗೆ ಬದಲಾಗಿ ಅದೇ ತಯಾರಕರ ಅದೇ ಬಗೆಯ ಎಂಜಿನನ್ನು ಅನುಮತಿ ಪಡೆದು ಹಾಕಿ, ಹೊಸ ಸಂಖ್ಯೆಯನ್ನು ನೋಂದಣಿ ಪತ್ರದಲ್ಲಿ ದಾಖಲಿಸಿಕೊಳ್ಳಬಹುದು. ಕ್ವಾಲಿಸಿನ ಎಂಜಿನು ಅಲ್ಲಿಗೇ ಬಿದ್ದುಹೋಯಿತು. ಡಿ.ಐ. ತಯಾರಕರೇನೋ ಒಂದೇ, ಆದರೆ ಬಗೆ ಬೇರೆ. ಹೇಳದೆ ಹಾಕಿಸಿಕೊಂಡು ಓಡಾಡುವವರು ಇಲ್ಲವೆಂದಲ್ಲ. ಆದರೆ ಘಾಟಿಯಲ್ಲಿ ಹನ್ನೊಂದು ಮಂದಿಯನ್ನು ಕೂರಿಸಿಕೊಂಡು ಹೋಗುವಾಗ, ಕೈಯಲ್ಲಿರುವ ವಿಮೆಯ ಕಾಗದವು ಬೇರೊಂದು ಎಂಜಿನಿನದೆಂಬ ನೆನಪಿದ್ದರೆ ಚಕ್ರ ಹಿಡಿದ ಕೈ ಹೇಗಿದ್ದೀತು? ಒಂದು ಮುಚ್ಚುಮರೆಯಲ್ಲಿಯೇ ನಮಗೆ ಸಾಕಾಗಿತ್ತು.

ಚಿಕ್ಕಪ್ಪನವರ ಮೈಲೇಜಿನ ವಾದವೂ ಲೆಕ್ಕದಲ್ಲಿ ಸೊರಗಿತು. ಡೀಸೆಲು ಪೆಟ್ರೋಲಿಗಿಂತ ಬಹಳ ಅಗ್ಗವಾಗಿದ್ದ ಕಾಲ ಒಂದಿತ್ತು. 2014ರ ಅಕ್ಟೋಬರಿನಲ್ಲಿ ಸರಕಾರವು ಡೀಸೆಲಿನ ಬೆಲೆಯ ಮೇಲಿನ ಹಿಡಿತವನ್ನು ಬಿಟ್ಟ ಮೇಲೆ ಆ ಅಂತರ ಕರಗಿತು. ವರ್ಷಕ್ಕೆ ಮೂರು ನಾಲ್ಕು ಸಾವಿರ ಕಿಲೋಮೀಟರ್ ಓಡುವ ಗಾಡಿಯಲ್ಲಿ ಲೀಟರಿಗೆ ಎರಡು ಕಿಲೋಮೀಟರ್ ಹೆಚ್ಚು ಸಿಕ್ಕಿದರೂ ಹಾಕಿದ ಹಣ ಹಿಂದಿರುಗಲು ಹದಿನೈದು ವರ್ಷಗಳಿಗೂ ಹೆಚ್ಚು ಬೇಕಾಗುತ್ತಿತ್ತು. “ಅಷ್ಟರೊಳಗೆ ನಾನೇ ಹಿಂದಿರುಗಲಾರೆ,” ಎಂದು ಚಿಕ್ಕಪ್ಪ ನಕ್ಕು ಒಪ್ಪಿದರು. 1900ರ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಡೀಸೆಲ್ ಎಂಜಿನೊಂದನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಿದ್ದರೆಂದು ನಾವು ಎಲ್ಲೋ ಓದಿದ್ದನ್ನು ಹೇಳಿದಾಗ, ತೆಂಗಿನೆಣ್ಣೆಯ ಬೆಲೆಯನ್ನು ನೆನೆದು ಸಭೆಯು ಆ ವಿಷಯವನ್ನು ಕೈಬಿಟ್ಟಿತು.

ಕೊನೆಗೆ ಪುತ್ತೂರಿನ ಕಡೆಯ ಒಂದು ತೋಟದ ಮನೆಯಲ್ಲಿ ಅದೇ ಪ್ಯೂಜೋ ಎಂಜಿನಿನ ಜೀಪೊಂದು ಇರುವುದಾಗಿ ಮೇಸ್ತ್ರಿಗೆ ಸುದ್ದಿ ಬಂದಿತು. ಮೈಯೆಲ್ಲ ತುಕ್ಕು ತಿಂದು ಹೋಗಿದ್ದರೂ ಎಂಜಿನು ಗಟ್ಟಿ; ಕಾಗದಪತ್ರಗಳು ನೇರ. ನಲವತ್ತೆರಡು ಸಾವಿರಕ್ಕೆ ಮಾತಾಯಿತು. ಅದನ್ನು ಬಿಚ್ಚಿ ಹೊಸ ಪಿಸ್ಟನು, ರಿಂಗು, ಬೇರಿಂಗು ಹಾಕಿ ಕೂರಿಸಲು ಇನ್ನೊಂದು ನಲವತ್ತು. ಮನೆಗೆ ಇಪ್ಪತ್ತು ಸಾವಿರದಷ್ಟು ಬರುತ್ತದೆ. ದುಬಾಯಿಯ ತಮ್ಮನು, “ಆಗಲಿ, ಆದರೆ ಇದು ಹೇಗೆ ಹೀಗಾಯಿತು?” ಎಂದು ಒಮ್ಮೆ ಕೇಳಿದನು. “ಹಳೆಯ ಹೋಸು, ಬಿರಿಯಿತು. ಯಾರೇನು ಮಾಡುವುದು?” ಎಂದು ಚಿಕ್ಕಪ್ಪನೇ ಉತ್ತರ ಕೊಟ್ಟುಬಿಟ್ಟರು.

ನೋಂದಣಿ ಪತ್ರ ಇರುವುದು ದೊಡ್ಡಪ್ಪನ ಹೆಸರಿನಲ್ಲಿ. ಅರ್ಜಿಗೆ ಅವರ ರುಜು ಬೇಕು. ಎಂಜಿನನ್ನು ಬದಲಿಸಲು ಕಾರಣವೇನೆಂದು ಒಂದು ಪತ್ರವನ್ನೂ ಜತೆಗಿಡೋಣವೆಂದು ಸಂಜೆ ಅವರ ಚಾವಡಿಗೆ ಹೋದೆವು. ‘ಕಾರಣವೇನೆಂದರೆ’ ಎಂದು ಬರೆದು ಲೇಖನಿ ನಿಂತಿತು. ದಿನವೂ ಮಕ್ಕಳಿಗೆ ನಿಜ ಹೇಳಬೇಕೆಂದು ಬೋಧಿಸುವ ಬಾಯಿ ಒಣಗಿತು.

“ದೊಡ್ಡಪ್ಪಾ, ಬಿಸಿಯ ಸೂಜಿ ಎರಡು ವರ್ಷದಿಂದ ಕೆಟ್ಟಿತ್ತು. ನನಗೆ ಗೊತ್ತಿತ್ತು. ಸೂಜಿ ಇದ್ದಿದ್ದರೆ ಸಂಪಾಜೆಯಲ್ಲಿ ಮೊದಲೇ ನಿಲ್ಲಿಸಬಹುದಾಗಿತ್ತು.”

ಅವರು ಕನ್ನಡಕವನ್ನು ತೆಗೆದು ಪಂಚೆಯ ಅಂಚಿನಲ್ಲಿ ಒರಸಿದರು. “ನನಗೂ ಗೊತ್ತುಂಟು. ನಿನಗಿಂತ ಮೊದಲೇ ಗೊತ್ತುಂಟು.”

“ಮತ್ತೇಕೆ ಹೇಳಲಿಲ್ಲ?”

ಅವರು ಮೊಳೆಯ ಕೆಳಗಿನ ಡಬ್ಬಿಯನ್ನು ಎತ್ತಿ ಅಲುಗಿಸಿದರು. ಸದ್ದಾಗಲಿಲ್ಲ. “ಹೇಳಿದರೆ ಡಬ್ಬಿಯಲ್ಲಿ ದುಡ್ಡಿಲ್ಲವೆಂದೂ ಹೇಳಬೇಕಿತ್ತು. ಯಾರು ಹಾಕಿದರು, ಯಾರು ಹಾಕಲಿಲ್ಲ ಎಂದು ಒಬ್ಬ ಕೇಳುತ್ತಿದ್ದ. ಆ ದಿನ ಇದೂ ಪಾಲಾಗುತ್ತಿತ್ತು.”

ಡಬ್ಬಿಗೆ ಕೊನೆಯ ಬಾರಿ ನಾವು ಹಣ ಹಾಕಿದುದು ಯಾವಾಗ ಎಂದು ನೆನೆಯಲು ಯತ್ನಿಸಿದೆವು. ನೆನಪಾಗಲಿಲ್ಲ.

“ಪತ್ರದಲ್ಲಿ ಏನೆಂದು ಬರೆಯಲಿ?”

“ಎಂಜಿನಿಗೆ ಪ್ರಾಯವಾಯಿತು ಎಂದು ಬರೆ. ಅದೂ ಸುಳ್ಳಲ್ಲ.” ಸ್ವಲ್ಪ ಹೊತ್ತಿನ ಮೇಲೆ ಹೇಳಿದರು: “ಎಂಜಿನು ಬರುವಾಗ ಬರಲಿ. ನಾಳೆಯೇ ಹೋಗಿ ಆ ಸೂಜಿಯನ್ನು ಸರಿಮಾಡಿಸು.”

ಮರುದಿನ ಶಾಲೆ ಬಿಟ್ಟ ಮೇಲೆ ಹೋಗಿ ನಾನೂರೈವತ್ತು ರೂಪಾಯಿ ಕೊಟ್ಟು ಹೊಸ ಮಾಪಕವನ್ನು ಹಾಕಿಸಿದೆವು. ಎಂಜಿನೇ ಇಲ್ಲದ ಗಾಡಿಗೆ ಬಿಸಿಯ ಮಾಪಕವನ್ನು ಕೂರಿಸುವಾಗ ಮೇಸ್ತ್ರಿ ನಮ್ಮ ಮುಖವನ್ನು ಎರಡು ಸಲ ನೋಡಿದನು, ಏನೂ ಕೇಳಲಿಲ್ಲ. ಅರ್ಜಿಗೆ ಉತ್ತರ ಬರುವವರೆಗೆ ಗಾಡಿಯು ಗ್ಯಾರೇಜಿನ ಮೂಲೆಯಲ್ಲಿ ನಿಂತಿದ್ದಿತು. ಮೂಗಿನಲ್ಲಿ ಭಾರವಿಲ್ಲದ ಕಾರಣ ಮುಂಭಾಗ ಒಂದು ಗೇಣು ಮೇಲೆದ್ದಿತ್ತು. ಭಾನುವಾರಗಳಂದು ಮಕ್ಕಳು ಹೋಗಿ ಅದರೊಳಗೆ ಕುಳಿತು, ಕೀಲಿಯಿಲ್ಲದೆಯೇ ಇಪ್ಪತ್ತರವರೆಗೆ ಎಣಿಸಿ ಬರುತ್ತಿದ್ದರು. ಹೊಸ ಸೂಜಿಯು ತಣ್ಣಗಿನ ಗೆರೆಯ ಮೇಲೆ ಒರಗಿಕೊಂಡಿತ್ತು.