ತೊಟ್ಟಿಯ ಮೀನಿಗೆ ಮದ್ದು

ನಾಯಿ ನರಳುತ್ತದೆ, ಹಸು ಕೂಗುತ್ತದೆ. ಮೀನಿಗೆ ಮಾತ್ರ ದನಿಯಿಲ್ಲ. ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಗೃಹಸ್ಥರು ಅದರ ಮೈಯನ್ನೂ ನಡೆಯನ್ನೂ ನೋಡಿಯೇ ವ್ಯಾಧಿಯನ್ನರಿಯಬೇಕು.

ಕಳೆದ ಚಳಿಗಾಲದಲ್ಲಿ ನಮ್ಮ ಮನೆಯ ಗೋಲ್ಡ್ ಫಿಷ್ ಎಂಬ ಹೊಂಬಣ್ಣದ ಮೀನುಗಳಿಗೆ ಬಿಳಿ ಚುಕ್ಕೆಯ ರೋಗ ತಗುಲಿತು. ಪುಡಿಯುಪ್ಪನ್ನು ಎರಚಿದಂತೆ ರೆಕ್ಕೆಗಳ ಮೇಲೆಲ್ಲ ಕಣಗಳು ಕಂಡವು. ಮೀನುಗಳು ತಳದ ಕಲ್ಲುಗಳಿಗೆ ಮೈಯುಜ್ಜಿಕೊಳ್ಳತೊಡಗಿದವು. ಐದರಲ್ಲಿ ಚಿಕ್ಕದು ಮೂರನೆಯ ದಿನ ಸತ್ತಿತು. ಮಕ್ಕಳು ಊಟವನ್ನೊಲ್ಲದೆ ತೊಟ್ಟಿಯ ಮುಂದೆ ಕುಳಿತರು. ಉಳಿದ ನಾಲ್ಕನ್ನಾದರೂ ಬದುಕಿಸಬೇಕಾಗಿತ್ತು.

ಈ ರೋಗವನ್ನು ತರುವ ಸೂಕ್ಷ್ಮಜೀವಿಗೆ ಫೂಕೆ ಎಂಬ ವಿದ್ವಾಂಸನು 1876ರಲ್ಲಿಯೇ ಹೆಸರಿಟ್ಟನು. ಅದರ ಜೀವನಕ್ರಮವನ್ನು ತಿಳಿದರೆ ಚಿಕಿತ್ಸೆಯ ಮರ್ಮವೂ ತಿಳಿಯುತ್ತದೆ. ಅದು ಮೀನಿನ ಚರ್ಮದೊಳಗೆ ಅಡಗಿರುವ ತನಕ ನೀರಿಗೆ ಹಾಕಿದ ಮದ್ದು ಅದಕ್ಕೆ ತಾಗದು. ಬಲಿತ ಬಳಿಕ ಕಳಚಿ ತಳಕ್ಕಿಳಿದು, ಕೋಶ ಕಟ್ಟಿಕೊಂಡು, ಒಂದೇ ನೂರಾರಾಗಿ ಒಡೆಯುತ್ತದೆ. ಆ ಮರಿಗಳು ಮೀನನ್ನರಸಿ ಈಜುವ ಅಲ್ಪಕಾಲದಲ್ಲಿ ಮಾತ್ರ ಮದ್ದಿಗೆ ಸಿಕ್ಕುತ್ತವೆ. ಬೆಚ್ಚನೆಯ ನೀರಿನಲ್ಲಿ ಈ ಚಕ್ರ ಸುಮಾರು ಒಂದು ವಾರದಲ್ಲಿ ಮುಗಿಯುತ್ತದೆ. ತಣ್ಣೀರಿನಲ್ಲಿ ಹಲವು ವಾರಗಳೇ ಬೇಕು.

ಆದುದರಿಂದ ನಾವು ನೀರನ್ನು ದಿನಕ್ಕೆ ಒಂದೆರಡು ಡಿಗ್ರಿಯಂತೆ 28 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿದೆವು. ಬೆಚ್ಚನೆಯ ನೀರಿನಲ್ಲಿ ಪ್ರಾಣವಾಯು ಕಡಿಮೆಯಾದ ಕಾರಣ ಗಾಳಿಯ ಪಂಪನ್ನು ಹಗಲಿರುಳೂ ನಡೆಯಿಸಿದೆವು. ಲೀಟರಿಗೆ 2 ಗ್ರಾಮಿನಂತೆ ಉಪ್ಪನ್ನು ಕರಗಿಸಿ, ಎರಡು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬೆರೆಸಿದೆವು. ದಿನ ಬಿಟ್ಟು ದಿನ ತಳದ ಕಸವನ್ನು ಕೊಳವೆಯಿಂದ ಹೀರಿ, ನೀರಿನಲ್ಲಿ ಕಾಲುಪಾಲನ್ನು ಬದಲಾಯಿಸಿ, ಹೊಸ ನೀರಿಗೆ ಮಾತ್ರ ಅದರ ಅಳತೆಯ ಉಪ್ಪನ್ನು ಸೇರಿಸಿದೆವು. ಉಪ್ಪು ನೀರುಗಿಡಗಳಿಗೂ ಹುರುಪೆಯಿಲ್ಲದ ಮೀನುಗಳಿಗೂ ಹಿತವಲ್ಲವೆಂಬುದನ್ನು ವಾಚಕರು ಮರೆಯಬಾರದು.

ಒಂಬತ್ತನೆಯ ದಿನ ಚುಕ್ಕೆಗಳೆಲ್ಲ ಮಾಯವಾದವು. ಮಕ್ಕಳು ಹಿಗ್ಗಿದರು, ಇನ್ನು ಉಪ್ಪು ಸಾಕೆಂದರು. ಆದರೆ ಚುಕ್ಕೆ ಹೋದುದೆಂದರೆ ರೋಗ ಮೈಯನ್ನು ಬಿಟ್ಟು ನೀರಿಗಿಳಿದುದೆಂದೇ ಅರ್ಥ! ಅನೇಕರ ಮೀನುಗಳು ಸಾಯುವುದು ಈ ಎರಡನೆಯ ಸುತ್ತಿನಲ್ಲಿ. ನಾವು ಇನ್ನೂ ಹತ್ತು ದಿನ ಅದೇ ಉಪಚಾರವನ್ನು ಮುಂದುವರಿಸಿದೆವು. ನಾಲ್ಕೂ ಬದುಕಿದವು.

ರೆಕ್ಕೆ ಕೊಳೆತು ಹರಿಯುವ ರೋಗಕ್ಕೂ ಕೊಳಕು ನೀರೇ ಬಹುಮಟ್ಟಿಗೆ ಆಸರೆ. ಹೊಟ್ಟೆಯುಬ್ಬಿ ಓರೆಯಾಗಿ ತೇಲುವುದು ಹಲವು ವೇಳೆ ಅತಿ ಆಹಾರದ ಫಲ. ಎರಡು ದಿನದ ಉಪವಾಸವೇ ಅದಕ್ಕೆ ಮೊದಲ ಮದ್ದು. ಹೊಸದಾಗಿ ತಂದ ಮೀನನ್ನು ಮೂರು ವಾರ ಬೇರೆ ಪಾತ್ರೆಯಲ್ಲಿಟ್ಟು ನೋಡಿದ ಮೇಲೆಯೇ ಹಳೆಯ ಮೀನುಗಳೊಡನೆ ಬಿಡತಕ್ಕದ್ದು. ಇಷ್ಟು ತಾಳ್ಮೆಯಿದ್ದ ಮನೆಯಲ್ಲಿ ಔಷಧದ ಸೀಸೆಗೆ ಕೆಲಸ ಕಡಿಮೆ.