ನ್ಯೂರೆಂಬರ್ಗ್ ಸಂತೆ, ಹೇಮಗಿರಿ ಜಾತ್ರೆ, ನಡುವೆ ಒಂದು ಜೋಡಿ ಎತ್ತು!

‘ಕ್ರಿಸ್‌ಮಸ್ ಟೈಮಲ್ಲಿ ಯೂರೋಪಿನ ಊರೂರಲ್ಲೂ ಭಾರೀ ಸಂತೆ ಕಟ್ಟುತ್ತಂತೆ ಕಣಯ್ಯ. ಅದರ ಮೇಲೆ ಒಂದು ಲೇಖನ ಬರಿ’ ಅಂದರು ಸಂಪಾದಕರು.

ನಾನು ಜೇಬು ತಡವಿಕೊಂಡೆ. ಕೆ.ಆರ್.ಪೇಟೆ ಬಸ್ಸಿಗೆ ಆಗುವಷ್ಟಿತ್ತು. ಪಿಯುಸಿ ಅರ್ಧಕ್ಕೆ ಬಿಟ್ಟು ಗಾಂಧಿ ಕ್ಲಾಸಿನ ಬೆಂಚಿನ ಮೇಲೆ ಪದವಿ ಮುಗಿಸಿದವನು ನಾನು. ನನಗೆ ಯೂರೋಪ್ ಎಂದರೆ ಡ್ಯುಯೆಟ್ ಹಾಡು. ಹೀರೋ ದಪ್ಪ ಕೋಟು ಹಾಕಿಕೊಂಡು ಬೆಚ್ಚಗಿರ್ತಾನೆ, ಹೀರೋಯಿನ್ ಪಾಪ ತೆಳು ಸೀರೆಯಲ್ಲಿ ಹಿಮದ ಮೇಲೆ ಕುಣೀತಾಳೆ! ಅದಕ್ಕಿಂತ ಹೆಚ್ಚಿಗೆ ನಾನೇನು ಬಲ್ಲೆ?

ಆದರೂ ಓದುಗ ದೊರೆಗಳೇ, ಸುಳ್ಳು ಬರೆಯುವ ಆಸಾಮಿ ನಾನಲ್ಲ. ಆ ಸಂತೆಯನ್ನು ನೋಡಿಯೇ ಬರೆಯುತ್ತಿದ್ದೇನೆ. ಕಣ್ಣಾರೆ ಅಲ್ಲ, ಮೊಬೈಲಾರೆ!

ನನ್ನ ಜೊತೆ ಪಿಯುಸಿಗೆ ಸೇರಿದ ಗೆಳೆಯನೊಬ್ಬ ಮಾಕವಳ್ಳಿಯವನು. ನಾನು ಕ್ಲಾಸು ತಪ್ಪಿಸಿ ಮ್ಯಾಟಿನಿಗೆ ಹೋಗುವಾಗ ಅವನು ಲೆಕ್ಕ ಮಾಡುತ್ತಾ ಕೂತಿರುತ್ತಿದ್ದ. ಲೆಕ್ಕ ಸರಿಹೋಯಿತು. ಅವನೀಗ ಜರ್ಮನಿಯ ನ್ಯೂರೆಂಬರ್ಗಿನಲ್ಲಿದ್ದಾನೆ, ನಾನು ಬಸ್ ಸ್ಟ್ಯಾಂಡಿನ ಪತ್ರಿಕೆಯಲ್ಲಿದ್ದೇನೆ. ಡಿಸೆಂಬರಿನ ಒಂದು ರಾತ್ರಿ ವಿಡಿಯೋ ಕಾಲ್ ಮಾಡಿ, ‘ಮಗಾ, ಜಾತ್ರೆ ತೋರಿಸ್ತೀನಿ ಬಾರ್ಲಾ’ ಅಂದ.

ಚಳಿ ನಾಡಿನ ಜಾತ್ರೆ

ಊರ ನಡುವೆ ದೊಡ್ಡ ಚೌಕ. ಒಂದು ಪಕ್ಕಕ್ಕೆ ಹಳೇ ಚರ್ಚು. ಚೌಕದ ತುಂಬ ಮರದ ಅಂಗಡಿಗಳು, ಮೇಲೆ ಕೆಂಪು-ಬಿಳಿ ಪಟ್ಟೆಯ ಬಟ್ಟೆ ಹೊದಿಕೆ. ಹೆಸರು ‘ಕ್ರಿಸ್ಟ್‌ಕಿಂಡ್ಲೆಸ್‌ಮಾರ್ಕ್ಟ್’. ಒಂದೇ ಉಸಿರಿಗೆ ಹೇಳಿದವರಿಗೆ ನನ್ನ ಲೆಕ್ಕದಲ್ಲಿ ಒಂದು ಟೀ! 1628ರಲ್ಲೇ ಈ ಸಂತೆಯ ಹೆಸರು ಬರೆದಿಟ್ಟ ಒಂದು ಪೆಟ್ಟಿಗೆ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ. ಡ್ರೆಸ್ಡೆನ್ ಊರಿನ ಸಂತೆ ಇನ್ನೂ ಹಳೆಯದು, 1434ರದ್ದು. ಫ್ರಾನ್ಸಿನ ಸ್ಟ್ರಾಸ್‌ಬರ್ಗಿನದು 1570ರದ್ದು. ನಮ್ಮ ಮೈಸೂರು ದಸರಾ ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರ ಕಾಲದಲ್ಲಿ ಶುರುವಾಗಿದ್ದು 1610ರಲ್ಲಿ. ಅಂದರೆ ವಯಸ್ಸಿನಲ್ಲಿ ಯಾರೂ ಯಾರಿಗೂ ತೀರಾ ಚಿಕ್ಕವರಲ್ಲ ಬಿಡಿ.

ಸಂತೆ ಶುರು ಮಾಡೋದು ಮಂತ್ರಿಗಳಲ್ಲ, ಒಬ್ಬ ಹುಡುಗಿ! ಹೊಂಬಣ್ಣದ ಕೂದಲು, ತಲೆಗೆ ಕಿರೀಟ. ಊರ ಹುಡುಗಿಯರಲ್ಲೇ ಒಬ್ಬಳನ್ನು ಎರಡು ವರ್ಷಕ್ಕೊಮ್ಮೆ ಆರಿಸುತ್ತಾರೆ. ಚರ್ಚಿನ ಮೇಲುಪ್ಪರಿಗೆಯಲ್ಲಿ ನಿಂತು ಆಕೆ ನಾಲ್ಕು ಪದ್ಯ ಹೇಳಿದರೆ ಸಂತೆಗೆ ಚಾಲೂ. ಡಿಸೆಂಬರ್ 24ಕ್ಕೆ ಮುಕ್ತಾಯ.

‘ತಿನ್ನೋಕೆ ಏನಿದೆಯೋ?’ ಅಂದೆ. ನನ್ನ ಮೊದಲ ಪ್ರಶ್ನೆ ಯಾವತ್ತೂ ಅದೇ. ಶುಂಠಿ, ಲವಂಗ, ಚಕ್ಕೆ ಹಾಕಿದ ಲೆಬ್‌ಕೂಖನ್ ಎಂಬ ಬಿಸ್ಕತ್ತಿನಂಥದ್ದು ತೋರಿಸಿದ. ಬನ್ನಿನೊಳಗೆ ಬೆರಳುದ್ದದ ಮೂರು ಸಾಸೇಜು ತೋರಿಸಿದ. ಮಸಾಲೆ ಹಾಕಿ ಕಾಯಿಸಿದ ಬಿಸಿ ವೈನನ್ನು ಪಿಂಗಾಣಿ ಮಗ್ಗಿನಲ್ಲಿ ಕೊಡುತ್ತಾರಂತೆ. ಮಗ್ಗಿಗೂ ಮುಂಗಡ ಕಾಸು ಕಟ್ಟಬೇಕು, ವಾಪಸ್ ಕೊಟ್ಟರೆ ಕಾಸು ವಾಪಸ್. ಒಣಗಿದ ಪ್ಲಮ್ ಹಣ್ಣಿಗೆ ಅಂಗಿ-ಟೋಪಿ ತೊಡಿಸಿ ಮಾಡಿದ ಗೊಂಬೆಗಳನ್ನೂ ಕಂಡೆ.

ಆಮೇಲೆ ಒಂದು ಅಂಗಡಿ ಮುಂದೆ ನಿಂತ. ಗೋದಲಿ ಗೊಂಬೆ ಮಾರುವ ಅಂಗಡಿ. ಯೇಸು ಹುಟ್ಟಿದ್ದು ದನದ ಕೊಟ್ಟಿಗೆಯಲ್ಲಿ ತಾನೇ? ಹಾಗಾಗಿ ಗೋದಲಿಯಲ್ಲಿ ಒಂದು ಎತ್ತು, ಒಂದು ಕತ್ತೆ ಇರಲೇಬೇಕು. ಅವನು ಮರದ ಎತ್ತೊಂದನ್ನು ಕೈಗೆತ್ತಿಕೊಂಡು ಕ್ಯಾಮೆರಾಕ್ಕೆ ಹಿಡಿದ. ಮಾತು ನಿಂತುಹೋಯಿತು.

‘ಅಪ್ಪ ಎತ್ತು ಮಾರ್ತೀನಿ ಅಂತಾವ್ರೆ ಕಣ್ಲಾ. ಈ ಸಲ ಹೇಮಗಿರಿ ಜಾತ್ರೇಲಿ. ನೀನು ಹೋಗಿ ಬೇಡ ಅನ್ನು. ಮೇವಿಗೆ ಎಷ್ಟಾದರೂ ದುಡ್ಡು ಕಳಿಸ್ತೀನಿ. ನನ್ನ ಮಾತು ಕೇಳ್ತಿಲ್ಲ.’

ಸಂಪಾದಕರ ಕ್ರಿಸ್‌ಮಸ್ ಸಂಚಿಕೆ ಬಂತು, ಹೋಯಿತು. ನನ್ನ ಲೇಖನ ಬರಲಿಲ್ಲ. ಅರ್ಧ ಜಾತ್ರೆ ಇನ್ನೂ ಬಾಕಿಯಿತ್ತಲ್ಲ!

ಮಾಕವಳ್ಳಿಯಿಂದ ಹೇಮಗಿರಿಗೆ

ರಥಸಪ್ತಮಿಗೆ ಮುಂಚೆ ಮಾಕವಳ್ಳಿಗೆ ಬಂದಿಳಿದೆ. ಕೆ.ಆರ್.ಪೇಟೆ ತಾಲ್ಲೂಕಿನಲ್ಲಿ ಈ ಊರ ಹೆಸರು ಹೇಳಿದರೆ ಎಲ್ಲರಿಗೂ ನೆನಪಾಗೋದು ಸಕ್ಕರೆ ಕಾರ್ಖಾನೆ. ಕಬ್ಬು ಹೇರಿದ ಟ್ರ್ಯಾಕ್ಟರುಗಳು ರಸ್ತೆ ತುಂಬ. ಒಂದು ಕಾಲಕ್ಕೆ ಈ ಹೊರೆ ಎಳೆಯುತ್ತಿದ್ದುದು ಎತ್ತಿನ ಗಾಡಿ. ಈಗ ಹತ್ತು ಟ್ರ್ಯಾಕ್ಟರ್ ದಾಟಿದ ಮೇಲೆ ಒಂದು ಗಾಡಿ ಕಂಡರೆ ನಿಮ್ಮ ಪುಣ್ಯ.

ಗೆಳೆಯನ ತಂದೆಯನ್ನು ನಾನು ದೊಡ್ಡಪ್ಪ ಅಂತಲೇ ಕರೆಯೋದು. ಮಂಡಿ ನೋವು, ನಡೆದರೆ ಒಂದು ಪಕ್ಕಕ್ಕೆ ವಾಲುತ್ತಾರೆ. ಕೊಟ್ಟಿಗೆಯಲ್ಲಿ ಜೋಡಿ ಹಳ್ಳಿಕಾರ್ ಎತ್ತುಗಳು. ಬೂದು ಮೈ, ಹಿಂದಕ್ಕೆ ಬಾಗಿ ಮೇಲೆದ್ದ ಕೊಂಬು, ಹೀರೋಗಳ ಹಾಗೆ ನಿಂತಿದ್ದವು. ಇದೇ ಹಳೇ ಮೈಸೂರು ಸೀಮೆಯ ತಳಿ ಅದು. 2000ನೇ ಇಸವಿಯಲ್ಲಿ ಅಂಚೆ ಇಲಾಖೆ ಹಳ್ಳಿಕಾರ್ ಮೇಲೆ ಅಂಚೆಚೀಟಿಯನ್ನೇ ತಂದಿತ್ತು. ಶ್ರೀರಂಗಪಟ್ಟಣದ ಅರಸರು ದನಗಳಿಗೇ ‘ಬೆಣ್ಣೆ ಚಾವಡಿ’ ಅಂತ ಒಂದು ಇಲಾಖೆ ಇಟ್ಟಿದ್ದರು. ಟಿಪ್ಪು ಅದಕ್ಕೆ ‘ಅಮೃತ ಮಹಲ್’ ಅಂತ ಹೆಸರಿಟ್ಟ. ಫಿರಂಗಿ ಎಳೆದ ಎತ್ತುಗಳ ನಾಡು ಸ್ವಾಮಿ ಇದು!

ಗೆಳೆಯನ ಮಾತು ಮುಟ್ಟಿಸಿದೆ. ದೊಡ್ಡಪ್ಪ ನಕ್ಕರು.

‘ದುಡ್ಡು ಕಳಿಸ್ತಾನೆ ಕಣ್ ಮಗ, ಕಳಿಸದೆ ಇರಾಕಿಲ್ಲ. ದುಡ್ಡು ಹುಲ್ಲು ತತ್ತದೆ. ಹುಲ್ಲು ಹಾಕಾಕೆ ಕೈ ಬೇಕಲ್ಲ? ನಾನು ಕೊಟ್ಟಿಗೆಗೆ ಹೋಗೋದ್ರೊಳಗೆ ಅವು ಎರಡು ಸಲ ಕೂಗಿರ್ತವೆ. ನಾನು ಬಿದ್ದುಹೋದ ದಿನ ಇವನ್ನ ನೋಡೋರು ಯಾರು?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಸಿನಿಮಾ ಆಗಿದ್ದರೆ ಮಗ ಕೋಟು ಬಿಸಾಕಿ ಊರಿಗೆ ಬರ್ತಿದ್ದ. 1972ರ ‘ಬಂಗಾರದ ಮನುಷ್ಯ’ ನೋಡಿ ಪಟ್ಟಣ ಬಿಟ್ಟು ಬೇಸಾಯಕ್ಕೆ ವಾಪಸಾದ ಹುಡುಗರಿದ್ದರು ಅಂತ ಇಂದಿಗೂ ಜನ ಹೇಳ್ತಾರೆ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಚಿತ್ರ ಅದು. ದೊಡ್ಡಪ್ಪ ಅದನ್ನು ಟೆಂಟಿನಲ್ಲಿ, ಮರಳಿನ ಮೇಲೆ ಕೂತು ಮೂರು ಸಲ ನೋಡಿದ್ದರಂತೆ. ‘ಆಮೇಲೆ ನಾನೂ ಇಲ್ಲೇ ಉಳಕಂಡೆ. ನನ್ ಮಗನ್ನ ಮಾತ್ರ ನಾನೇ ಓದಿಸಿ ಕಳಿಸ್ದೆ’ ಅಂದರು.

ಬೆಳಗಿನ ಜಾವ ಎತ್ತು ಹೊಡೆದುಕೊಂಡು ಹೊರಟೆವು. ಹಣೆಪಟ್ಟಿ, ಕೊರಳಲ್ಲಿ ಗೆಜ್ಜೆ. ಚಳಿಯಲ್ಲಿ ಆ ಗೆಜ್ಜೆ ಸದ್ದು ರಸ್ತೆಯುದ್ದ.

ಟವಲ್ ಕೆಳಗಿನ ವ್ಯಾಪಾರ

ಹೇಮಾವತಿ ಹೊಳೆ ದಡದಲ್ಲಿ ಗುಡ್ಡ, ಗುಡ್ಡದ ಮೇಲೆ ಕಲ್ಯಾಣ ವೆಂಕಟರಮಣಸ್ವಾಮಿ. ರಥಸಪ್ತಮಿಗೆ ತೇರು. ಅದರ ಆಜುಬಾಜಿನಲ್ಲಿ ದನಗಳ ಜಾತ್ರೆ. ಸಂಕ್ರಾಂತಿ ಸುಮಾರಿಗೆ ಚುಂಚನಕಟ್ಟೆ, ಆಮೇಲೆ ಹೇಮಗಿರಿ, ಅದಾದ ಮೇಲೆ ಪಾಂಡವಪುರದ ಬೇಬಿ ಬೆಟ್ಟ. ದನದ ವ್ಯಾಪಾರದವರಿಗೆ ಇದೇ ಸರ್ಕೀಟು. ಯೂರೋಪಿನವರು ಒಂದು ಊರ ಸಂತೆ ನೋಡಿ ಇನ್ನೊಂದಕ್ಕೆ ರೈಲು ಹತ್ತುತ್ತಾರಂತೆ. ನಮ್ಮವರು ಲಾರಿಗೆ ಎತ್ತು ಹತ್ತಿಸುತ್ತಾರೆ.

ಬಳೆ ಅಂಗಡಿ, ಬೆಂಡು-ಬತ್ತಾಸು, ಕಡ್ಲೆಪುರಿ ರಾಶಿ, ಪೀಪಿ, ತಿರುಗೋ ತೊಟ್ಟಿಲು ಎಲ್ಲ ಇತ್ತು. ನಮ್ಮ ಸಿನಿಮಾಗಳಲ್ಲಿ ಜಾತ್ರೆ ಬಂತೆಂದರೆ ಅಣ್ಣ-ತಮ್ಮ ಬೇರೆಯಾಗಬೇಕು, ಇಲ್ಲವೇ ತೊಟ್ಟಿಲ ಕೆಳಗೆ ಫೈಟಿಂಗ್ ಆಗಬೇಕು. ಇಲ್ಲಿ ಒಂದೂ ಆಗಲಿಲ್ಲ. ಹಿಂದೆ ಜಾತ್ರೆಗಳಿಗೆ ಬರುತ್ತಿದ್ದ ಟೆಂಟ್ ಸಿನಿಮಾ ಮಾತ್ರ ಎಲ್ಲೂ ಕಾಣಲಿಲ್ಲ. ಜಾತ್ರೆಗೆ ಬಂದ ಹುಡುಗರೆಲ್ಲ ಮೊಬೈಲ್ ಒಳಗೇ ಟೆಂಟು ಹಾಕಿಕೊಂಡಿದ್ದರು.

ದನ ಕಟ್ಟಿದ ಬಯಲಿನಲ್ಲಿ ನಡುನಡುವೆ ಖಾಲಿ ಜಾಗ. ‘ಆಗ ಇಲ್ಲಿ ಕಾಲಿಡಾಕೆ ಜಾಗ ಇರ್ತಿರಲಿಲ್ಲ’ ಅಂದರು ದೊಡ್ಡಪ್ಪ. ರೋಗವೂ ಬಂದು ಹೊಡೆದಿದೆ. 2022ರ ಕೊನೆಗೆ ಚರ್ಮಗಂಟು ರೋಗ ಹಬ್ಬಿದಾಗ ರಾಜ್ಯದಲ್ಲಿ ದನಗಳ ಜಾತ್ರೆಗಳನ್ನೇ ನಿಲ್ಲಿಸಿದ್ದರು. ನ್ಯೂರೆಂಬರ್ಗಿನ ಸಂತೆಯೂ ಕೊರೋನಾ ದೆಸೆಯಿಂದ 2020, 2021 ಎರಡು ವರ್ಷ ನಡೆಯಲಿಲ್ಲ. ಅವರದು ಮತ್ತೆ ಕಿಕ್ಕಿರಿದು ತುಂಬಿತು. ನೋಡೋಕೆ ಬರೋರು ಇರೋ ತನಕ ಅದು ತುಂಬುತ್ತದೆ. ನಮ್ಮದು ನೋಡೋರಿಂದ ನಡೆಯುವ ಜಾತ್ರೆಯಲ್ಲ, ಉಳೋರಿಂದ ನಡೆಯೋದು. ಉಳುಮೆ ಟ್ರ್ಯಾಕ್ಟರಿಗೆ ಹೋಯಿತು, ಬಯಲಲ್ಲಿ ಜಾಗ ಖಾಲಿಯಾಯಿತು.

ಹತ್ತು ಗಂಟೆಗೆ ಗಿರಾಕಿ ಬಂದರು. ಬಾಯಿ ಬಿಡಿಸಿ ಹಲ್ಲು ನೋಡಿದರು, ಮೈಮೇಲಿನ ಸುಳಿ ನೋಡಿದರು, ನಡೆಸಿ ನೋಡಿದರು. ದಳ್ಳಾಳಿ ಹೆಗಲ ಟವಲ್ ತೆಗೆದು ದೊಡ್ಡಪ್ಪನ ಕೈ ಮೇಲೆ ಹೊದಿಸಿದ. ಬಾಯಲ್ಲಿ ಮಾತಿಲ್ಲ! ಟವಲ್ ಕೆಳಗೆ ಬೆರಳು ಬೆರಳು ಹಿಡಿದು ರೇಟು. ಪಕ್ಕದಲ್ಲಿ ನಿಂತವನಿಗೂ ಗುಟ್ಟು ಗೊತ್ತಾಗಬಾರದು.

ನನ್ನ ಅಂಗಿ ಜೇಬಿನಲ್ಲಿ ಮೊಬೈಲ್ ಇತ್ತು, ಕ್ಯಾಮೆರಾ ಹೊರಗೆ ಮುಖ ಮಾಡಿ. ನ್ಯೂರೆಂಬರ್ಗಿನಲ್ಲಿ ಆಗ ಬೆಳಗಿನ ಐದೂವರೆ, ಇನ್ನೂ ಕತ್ತಲೆ. ಗೆಳೆಯ ಎದ್ದು ಕೂತು ನೋಡುತ್ತಿದ್ದ. ಅಪ್ಪನಿಗೆ ಹೇಳಬೇಡ ಅಂದಿದ್ದ.

ಮೊದಲ ಗಿರಾಕಿ ಒಂದೂವರೆ ಲಕ್ಷಕ್ಕೆ ಬಂದ. ‘ಯಾವೂರಿಗೆ ಹೊಡ್ಕೊಂಡು ಹೋಗ್ತೀಯಪ್ಪ? ಏನ್ ಬೇಸಾಯ?’ ಅಂದರು ದೊಡ್ಡಪ್ಪ. ಅವನು ಅದೂ ಇದೂ ಅಂದ, ಊರ ಹೆಸರು ಬಾಯಿಂದ ಬರಲಿಲ್ಲ. ದೊಡ್ಡಪ್ಪ ಕೈ ಎಳೆದುಕೊಂಡರು. ಮಧ್ಯಾಹ್ನ ಚನ್ನರಾಯಪಟ್ಟಣದ ಕಡೆಯ ರೈತರೊಬ್ಬರು ಮಗನ ಜೊತೆ ಬಂದರು. ಆ ಹುಡುಗ ಹಲ್ಲು ನೋಡುವ ಮುಂಚೆ ಎತ್ತಿನ ಗಂಗೆದೊಗಲು ಸವರಿದ. ಒಂದು ಲಕ್ಷದ ಮೂವತ್ತೈದು ಸಾವಿರಕ್ಕೆ ಮುಗಿಯಿತು. ಹದಿನೈದು ಸಾವಿರ ಕಡಿಮೆ!

‘ದೊಡ್ಡಪ್ಪ, ನಷ್ಟ ಆಯ್ತಲ್ಲ?’ ಅಂದೆ.

‘ಇವು ನನ್ ಮನೇಲಿ ಉತ್ತವೆ ಕಣ್ಲಾ. ಉಳೋರ್ ಮನೆಗೇ ಹೋಗ್ಲಿ.’ ಆಮೇಲೆ ನನ್ನ ಜೇಬು ದಿಟ್ಟಿಸಿದರು. ‘ಬೆಳಿಗ್ಗೆಯಿಂದ ನೋಡ್ತಾವ್ನಿ. ಅವ್ನೇ ಏನ್ಲಾ ಅದ್ರಾಗೆ? ತೆಗಿ ಈಚೆಗೆ.’

ಫೋನ್ ಇಸಕೊಂಡು ಎತ್ತುಗಳ ಮುಖಕ್ಕೆ ಹಿಡಿದರು. ಒಂದಾದ ಮೇಲೊಂದು, ನಿಧಾನಕ್ಕೆ. ಆ ಕಡೆಯಿಂದ ಮಾತಿಲ್ಲ, ಮೂಗೆಳೆಯುವ ಸದ್ದು ಮಾತ್ರ. ದೊಡ್ಡಪ್ಪನೇ ಕೇಳಿದರು:

‘ನಿಮ್ಮೂರ್ ಜಾತ್ರೇಲಿ ಎತ್ತು ಕಟ್ಟಲ್ವೇನಪ್ಪ?’

‘ಇಲ್ಲಪ್ಪ. ಮರದ್ದು ಮಾರ್ತಾರೆ. ಒಂದು ತಗೊಂಡಿದ್ದೀನಿ. ಟೇಬಲ್ ಮೇಲೈತೆ.’

‘ಒಂಟಿ ಎತ್ತು ಏನಕ್ಲಾ? ಬರೋ ವರ್ಷ ಇನ್ನೊಂದು ತಗೊ. ಜೋಡಿ ಆಗ್ಲಿ.’

ಹಗ್ಗ ಆ ಹುಡುಗನ ಕೈಗೆ ಹೋಯಿತು. ಗೆಜ್ಜೆ ಮಾತ್ರ ಬಿಚ್ಚಿ ದೊಡ್ಡಪ್ಪ ಕೈಚೀಲಕ್ಕೆ ಹಾಕಿಕೊಂಡರು, ಮೇಲೆ ಎರಡು ಸೇರು ಕಡ್ಲೆಪುರಿ. ತೇರಿಗೆ ಇನ್ನೂ ದಿನವಿತ್ತು, ಇರಿ ಅಂದೆ. ‘ಮನೆಗೆ ಹೋಗವ, ಕೊಟ್ಟಿಗೆ ಕಸ ಹೊಡೀಬೇಕು’ ಅಂದರು. ಬಸ್ಸಿನಲ್ಲಿ ನನ್ನ ಪಕ್ಕ ಕೂತರು. ಬಸ್ಸು ಹಳ್ಳಕ್ಕೆ ಇಳಿದಾಗಲೆಲ್ಲ ಚೀಲದೊಳಗೆ ಗೆಜ್ಜೆ ಘಲ್ ಅನ್ನುತ್ತಿತ್ತು. ಮುಂದಿನ ಸೀಟಿನ ಮಗು ಪ್ರತಿ ಸಲವೂ ತಿರುಗಿ ನೋಡುತ್ತಿತ್ತು.

ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಜನರೇ ನಟಿಸಿದ ‘ತಿಥಿ’ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವಕ್ಕೆ ಹೋಗಿ ಪ್ರಶಸ್ತಿ ಗೆದ್ದು ಬಂದಿತ್ತು. ನಮ್ಮ ಹಳ್ಳಿಯನ್ನು ಯೂರೋಪಿನವರು ಟಿಕೆಟ್ ಕೊಟ್ಟು ನೋಡಿದ್ದಾರೆ. ನಾವು ನೋಡೋಕೆ ಬಸ್ ಚಾರ್ಜು ಸಾಕು. ಕೆ.ಆರ್.ಪೇಟೆ ನಿಲ್ದಾಣದಲ್ಲಿ ಇಳಿದು ಹೇಮಗಿರಿ ಅಂತ ಯಾರನ್ನಾದರೂ ಕೇಳಿ. ರಥಸಪ್ತಮಿ ಯಾವತ್ತು ಅಂತ ಮನೆಯ ಪಂಚಾಂಗ ಹೇಳುತ್ತದೆ. ಎತ್ತು ಕಟ್ಟಿದ ಬಯಲಿಗೆ ಮೊದಲು ಹೋಗಿ, ತೊಟ್ಟಿಲು ಆಮೇಲೆ ಹತ್ತಿದರಾಯಿತು.

ಸಂಪಾದಕರೇ, ಲೇಖನ ತಡವಾಯಿತು. ಬಸ್ ಟಿಕೆಟ್ ಎರಡೂ ಇದರ ಜೊತೆ ಲಗತ್ತಿಸಿದ್ದೇನೆ.